ಹೈಫಾ 1918: ಮೆಷಿನ್ ಗನ್ ಎದುರು ಕುದುರೆ ಗೆದ್ದದ್ದು ಹೇಗೆ?

ಕೇಳಿದವರು: ಬದಿಯಡ್ಕ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 23 ಹೈಫಾ ದಿನ, ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರ ಕಡೆಯ ಭಾರತದ ಸವಾರರು ಪ್ಯಾಲೆಸ್ಟೈನಿನ (ಈಗಿನ ಇಸ್ರೇಲಿನ) ಹೈಫಾ ಬಂದರನ್ನು ತುರ್ಕರಿಂದ ಹಿಡಿದ ದಿನ. ನಮ್ಮ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿಗೆ ಅಂದು ಒಂದು ಪೀರಿಯಡ್ ಪಾಠ, ಮರುದಿನ ರಸಪ್ರಶ್ನೆ ಉಂಟು. ವಾಟ್ಸಾಪಿನಲ್ಲಿ ವರ್ಷವೂ ತಿರುಗುವ ಸಂದೇಶ ನಿಮಗೂ ಬಂದಿರಬಹುದು. ಮೈಸೂರು ಮತ್ತು ಜೋಧಪುರದ ಸವಾರರು ಬರೀ ಈಟಿ ಹಿಡಿದುಕೊಂಡು ಮೆಷಿನ್ ಗನ್ನಿನ ಬಾಯಿಗೇ ನುಗ್ಗಿದರು, ಒಂದೇ ಗಂಟೆಯಲ್ಲಿ ಊರು ಹಿಡಿದರು ಅಂತ.

ಸಮಸ್ಯೆ ಏನೆಂದರೆ, ಅದೇ ಮೊದಲನೇ ಮಹಾಯುದ್ಧದ ಪಾಠದಲ್ಲಿ ನಾವೇ ಹೇಳಿರುತ್ತೇವೆ: ಮೆಷಿನ್ ಗನ್ನು, ಮುಳ್ಳುತಂತಿ ಬಂದ ಮೇಲೆ ಫ್ರಾನ್ಸಿನಲ್ಲಿ ಎರಡೂ ಕಡೆಯವರು ನಾಲ್ಕು ವರ್ಷ ಕಂದಕದಲ್ಲೇ ಕೂತರು, ಕುದುರೆಗೆ ಕೆಲಸವೇ ಇರಲಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದರೆ ಹಿಂದಿನ ಬೆಂಚಿನವರು ಬಿಡುತ್ತಾರಾ ಮಾರಾಯ್ರೆ?

ನನಗೆ ಬೇಕಾದದ್ದು ಇಷ್ಟು. ಆ ದಿನ ಅಲ್ಲಿ ನಿಜವಾಗಿ ಏನೇನು ನಡೆಯಿತು, ಫ್ರಾನ್ಸಿನಲ್ಲಿ ಆಗದ್ದು ಅಲ್ಲಿ ಯಾಕೆ ಆಯಿತು, ಮತ್ತು ಇಡೀ ಯುದ್ಧದ ಓಟದಲ್ಲಿ ಇದರ ಜಾಗ ಯಾವುದು. ಆಗ ಕಾಸರಗೋಡು ಮದ್ರಾಸಿನ ದಕ್ಷಿಣ ಕೆನರಾ ಜಿಲ್ಲೆಯ ತಾಲೂಕು, ಮೈಸೂರು ಅರಸರ ಸೀಮೆಯಲ್ಲ ಅಂತ ಗೊತ್ತುಂಟು. ಆದರೂ ಕನ್ನಡ ಮಕ್ಕಳಿಗೆ ಮೈಸೂರಿನ ಹೆಸರು ಕೇಳಿದರೆ ಕಿವಿ ನೆಟ್ಟಗಾಗುತ್ತದೆ. ಅಂಕಿಸಂಖ್ಯೆ ಮಾತ್ರ ತಪ್ಪಬಾರದು.

ಉತ್ತರ: ಹೊಸೂರು ಕೋಟೆಬೀದಿ

ಮೊದಲು ನೆಲ ನೋಡೋಣ ಸಾರ್, ಕುದುರೆ ಆಮೇಲೆ.

ಹೈಫಾ ಇರುವುದು ಕಾರ್ಮೆಲ್ ಬೆಟ್ಟದ ಬುಡದಲ್ಲಿ, ಕೊಲ್ಲಿಯ ಅಂಚಿಗೆ. ಬೆಟ್ಟದ ಸಾಲು ಆಗ್ನೇಯದಿಂದ ವಾಯವ್ಯಕ್ಕೆ ಹರಿದು ಸಮುದ್ರಕ್ಕೆ ಮೂಗು ಚಾಚಿದೆ. ಬೆಟ್ಟದ ಈಶಾನ್ಯ ಬುಡದ ಗುಂಟ ಕಿಶೋನ್ ಹೊಳೆ ಬಂದು ಊರಿನ ಪೂರ್ವಕ್ಕೆ ಕೊಲ್ಲಿ ಸೇರುತ್ತದೆ. ಒಳನಾಡಿನ ಅಫೂಲಾ ಊರಿನ ಕಡೆಯಿಂದ ಬರುವ ರಸ್ತೆಯೂ ರೈಲು ಹಳಿಯೂ ಬೆಟ್ಟಕ್ಕೂ ಹೊಳೆಗೂ ನಡುವಿನ ಇಕ್ಕಟ್ಟಿನಲ್ಲೇ ಹೋಗಬೇಕು. ಎಡಕ್ಕೆ ಬೆಟ್ಟದ ಮೇಲೆ ತುರ್ಕರ ಫಿರಂಗಿ, ಇಳಿಜಾರಿನಲ್ಲಿ ಮೆಷಿನ್ ಗನ್. ಬಲಕ್ಕೆ ಕುದುರೆ ಹೂತುಹೋಗುವ ಹೊಳೆದಂಡೆ. ಕಾಯುವವನಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕಿಲ್ಲ.

ಹಿಂದಿನ ದಿನ, 22ರಂದು, ವಿಮಾನದವರು ಊರು ಖಾಲಿಯಾಗಿದೆ ಎಂದು ವರದಿ ಕೊಟ್ಟಿದ್ದರು. ಅದನ್ನು ನಂಬಿ ಕವಚದ ಕಾರುಗಳು ಇದೇ ರಸ್ತೆಯಲ್ಲಿ ಹೋದವು, ಬೆಟ್ಟದ ಮೇಲಿನ ತೋಪಿನ ಏಟು ತಿಂದು ವಾಪಸ್ ಬಂದವು. ಕಾರು ರಸ್ತೆ ಬಿಟ್ಟು ಇಳಿಯುವಂತಿಲ್ಲ, ರಸ್ತೆಯ ಅಳತೆ ಮೇಲಿನವರಿಗೆ ಮೊದಲೇ ಗೊತ್ತು. ಕುದುರೆಯನ್ನು ಕಳಿಸಿದ್ದು ಇದಾದ ಮೇಲೆ.

23ರಂದು ಬಂದದ್ದು 5ನೇ ಅಶ್ವದಳ ಡಿವಿಜನ್ನಿನ 15ನೇ ಇಂಪೀರಿಯಲ್ ಸರ್ವಿಸ್ ಬ್ರಿಗೇಡ್, ಅಂದರೆ ಸಂಸ್ಥಾನಗಳ ಸೈನ್ಯ. ಅದರಲ್ಲಿ ಜೋಧಪುರ, ಮೈಸೂರು, ಹೈದರಾಬಾದ್ ಮೂರೂ ಲ್ಯಾನ್ಸರ್ (ಈಟಿ ಸವಾರರ) ದಳಗಳು ಉಂಟು, ಆದರೆ ಹೈಫಾದ ದಾಳಿ ಮಾಡಿದ್ದು ಜೋಧಪುರ ಮತ್ತು ಮೈಸೂರು. ಬೆಳಿಗ್ಗೆ ಹತ್ತರ ಹೊತ್ತಿಗೆ ಬಲದ್ ಅಲ್ ಶೇಖ್ ಹಳ್ಳಿಯ ಹತ್ತಿರ ಮುಂಚೂಣಿಯವರ ಮೇಲೆ ಗುಂಡು ಬಿತ್ತು. ಅಲ್ಲಿಂದ ಮಧ್ಯಾಹ್ನ ಎರಡರವರೆಗೆ ಯಾರೂ ನುಗ್ಗಲಿಲ್ಲ. ವಾಟ್ಸಾಪ್ ಸಂದೇಶ ನುಂಗಿಬಿಡುವುದು ಈ ನಾಲ್ಕು ಗಂಟೆಗಳನ್ನೇ, ಗೆಲುವಿನ ಗುಟ್ಟು ಇರುವುದೂ ಅಲ್ಲೇ.

ಆ ಹೊತ್ತಿನಲ್ಲಿ ಮೈಸೂರಿನ ಒಂದು ಸ್ಕ್ವಾಡ್ರನ್ನು (ರೆಜಿಮೆಂಟಿನ ಒಂದು ತುಕಡಿ) ಎರಡು ಮೆಷಿನ್ ಗನ್ ಜೊತೆ ಎಡಕ್ಕೆ ತಿರುಗಿ ಕಡಿದಾದ ಮೇಕೆದಾರಿಯಲ್ಲಿ ಕಾರ್ಮೆಲ್ ಹತ್ತಿತು. ಗುರಿ ಮೇಲಿನ ಫಿರಂಗಿಗಳು. ಏರಿನಲ್ಲಿ ಕುದುರೆಗಳು ಸೋತವು, ಕೆಲವರು ಇಳಿದು ಗುಂಡು ಹಾರಿಸಲು ಉಳಿಯಬೇಕಾಯಿತು. ಕೊನೆಗೆ ಕುದುರೆ ಮೇಲೆ ಏರಿಹೋಗಲು ಸಿಕ್ಕಿದ ಸವಾರರು ತೀರಾ ಕಡಿಮೆ. ಅವರ ಬೆನ್ನಿಗೆ ಪಕ್ಕದ ಬ್ರಿಗೇಡಿನ ಶೆರ್ವುಡ್ ರೇಂಜರ್ಸ್‌ನ ಒಂದು ಸ್ಕ್ವಾಡ್ರನ್ನನ್ನೂ ಮೇಲಕ್ಕೆ ಕಳಿಸಿದರು. ಕೆಳಗೆ ಮೈಸೂರಿನ ಉಳಿದ ಸವಾರರು ಇಳಿದು ಗುಂಡಿನ ಆಸರೆ ಕೊಟ್ಟರು. ಬ್ರಿಗೇಡಿನ ಜೊತೆ ಕುದುರೆ ಎಳೆಯುವ ಫಿರಂಗಿ ಬ್ಯಾಟರಿಯೂ ಒಂದಿತ್ತು. ಅದು ಮೆಷಿನ್ ಗನ್ ನೆಲೆಗಳ ಮೇಲೆ ಹೊಡೆಯಿತು.

ಎರಡು ಗಂಟೆಗೆ ಜೋಧಪುರದವರು ಹೊರಟರು. ಯೋಜನೆ ಇದ್ದದ್ದು ಹೊಳೆ ಕಡೆಯಿಂದ. ಮುಂದೆ ಹೋದ ಇಬ್ಬರು ನೆಲ ಪರೀಕ್ಷಕರು ದಂಡೆಯ ಕುಸಿಮರಳಿನಲ್ಲಿ ಮುಳುಗಿಹೋದರು. ಹಿಂದಿನಿಂದ ಇಡೀ ರೆಜಿಮೆಂಟು ಓಟದಲ್ಲಿದೆ, ನಿಂತರೆ ಸಾವು. ಅಲ್ಲೇ ಎಡಕ್ಕೆ ತಿರುಗಿ ಕಾರ್ಮೆಲ್ ಬುಡದ ಇಳಿಜಾರಿನ ಮೆಷಿನ್ ಗನ್‌ಗಳ ಮೇಲೆ ಏರಿಹೋದರು, ಅವನ್ನು ಹಿಡಿದು ಇಕ್ಕಟ್ಟಿನ ದಾರಿ ತೆರೆದು ಊರೊಳಗೆ ನುಗ್ಗಿದರು. ಜೋಧಪುರದ ಮೇಜರ್ ದಲಪತ್ ಸಿಂಗ್ ಸತ್ತದ್ದು ಈ ದಾಳಿಯಲ್ಲಿ. ಗುಂಡಿನ ಆಸರೆ ಕೊಡುತ್ತಿದ್ದ ಮೈಸೂರಿನವರೂ ಕುದುರೆ ಏರಿ ಹಿಂದೆಯೇ ಊರು ಸೇರಿದರು.

ಲೆಕ್ಕ: ಸತ್ತವರು 8, ಗಾಯಗೊಂಡವರು 34. ಕುದುರೆಗಳು 60 ಸತ್ತವು, 83 ಗಾಯಗೊಂಡವು. ಹಿಡಿದದ್ದು 1,350 ಖೈದಿಗಳು, 17 ಫಿರಂಗಿ, 11 ಮೆಷಿನ್ ಗನ್. ಮನುಷ್ಯರಿಗಿಂತ ಕುದುರೆಗಳೇ ಮೂರು ಪಾಲಿಗೂ ಹೆಚ್ಚು ಬಿದ್ದದ್ದನ್ನು ಮಕ್ಕಳಿಗೆ ತೋರಿಸಿ. ಅಂದರೆ ಮೆಷಿನ್ ಗನ್ ಸುಮ್ಮನಿರಲಿಲ್ಲ.

ಉತ್ತರ: ಅಕ್ಕಲಕೋಟ ಓದುಗ

ಹೊಸೂರಿನವರು ಹೈಫಾ ಹೇಳಿದರು, ನಾನು ಅದರ ಹಿಂದಿನ ನಾಲ್ಕು ದಿನ ಹೇಳತೀನ್ರಿ. 19ರ ಬೆಳಗಿನ ಕೆಲಸ ತಿಳಿಯದಿದ್ದರೆ 23ರದ್ದು ಪವಾಡದಂಗ ಕಾಣ್ತದ.

ಫ್ರಾನ್ಸಿನ ರಂಗ ಸ್ವಿಟ್ಜರ್ಲೆಂಡಿನ ಗಡಿಯಿಂದ ಉತ್ತರ ಸಮುದ್ರದ ತನಕ ಸುಮಾರು 700 ಕಿಲೋಮೀಟರ್, ಎಲ್ಲೂ ಸಂದಿಲ್ಲ. ಪಕ್ಕವೇ ಇಲ್ಲದ ಸಾಲನ್ನು ಪಕ್ಕದಿಂದ ಹೊಡೆಯುವುದು ಹೇಗೆ? ಎದುರಿನಿಂದಲೇ ಒಡೆಯಬೇಕು. ತಂತಿ ಕತ್ತರಿಸಲು ದಿನಗಟ್ಟಲೆ ಶೆಲ್ ಹೊಡೆದರೆ ಎರಡು ಕೆಡಕು: ಎಲ್ಲಿ ಏರಿಬರುತ್ತಾರೆಂದು ವೈರಿಗೆ ಮುಂಚೆಯೇ ಗೊತ್ತಾಗುತ್ತದೆ, ನೆಲ ಕುಣಿಬಿದ್ದು ಕೆಸರಾಗಿ ಕುದುರೆಯೂ ಗಾಡಿಯೂ ದಾಟದಂತಾಗುತ್ತದೆ. ಸೊಮ್ಮೆಯಲ್ಲಿ ಏಳು ದಿನ ಹೊಡೆದ ಶೆಲ್ಲು ಸುಮಾರು 15 ಲಕ್ಷ. ಆಮೇಲೆ 1916ರ ಜುಲೈ 1ರ ಒಂದೇ ದಿನ ಬ್ರಿಟಿಷರ ಕಡೆ 57,470 ಜನ ಬಿದ್ದರು, ಅವರಲ್ಲಿ ಸತ್ತವರು 19,240. ಕಾಲಾಳು ಒಂದು ಮೈಲಿ ಹೋಗುವುದರೊಳಗೆ ಜರ್ಮನ್ನರು ರೈಲಿನಲ್ಲಿ ಹೊಸ ದಳ ತಂದು ಸಂದು ಮುಚ್ಚುತ್ತಿದ್ದರು.

ಅಲ್ಲೂ ಕುದುರೆಗೆ ಸಂದು ಸಿಕ್ಕದ್ದುಂಟು. ಅದೇ ಜುಲೈ 14ರಂದು ಹೈ ವುಡ್ ಎಂಬ ಕಾಡಿನ ಹತ್ತಿರ 20ನೇ ಡೆಕ್ಕನ್ ಹಾರ್ಸ್ ಮತ್ತು 7ನೇ ಡ್ರಗೂನ್ ಗಾರ್ಡ್ಸ್ ಈಟಿ ಹಿಡಿದು ಓಡಿದವು, ಪೈರಿನಲ್ಲಿ ಅಡಗಿದ್ದ ಕೆಲವರನ್ನು ತಿವಿದವು. ಆದರೆ ಬೆಳಿಗ್ಗೆ ಬಹುಪಾಲು ಖಾಲಿ ಇದ್ದ ಆ ಜಾಗಕ್ಕೆ ಸವಾರರು ಮುಟ್ಟಿದ್ದು ಸಂಜೆ ಏಳಕ್ಕೆ. ಹಿಂದಿನಿಂದ ಕಂದಕ, ಕುಣಿ ದಾಟಿ ಬರಲಿಕ್ಕೇ ಹಗಲು ಹೋಯಿತು. ಸೋಲಿಸಿದ್ದು ಹೊತ್ತು. ಇದೇ ಡೆಕ್ಕನ್ ಹಾರ್ಸ್ 1918ರಲ್ಲಿ ಪ್ಯಾಲೆಸ್ಟೈನಿಗೆ ಬಂದು ಅದೇ 5ನೇ ಡಿವಿಜನ್ ಸೇರಿತು ಅನ್ನೋದು ನೆನಪಿರಲಿ.

ಆ ವರ್ಷ ಪ್ಯಾಲೆಸ್ಟೈನಿನ ಸೇನೆಯೇ ಬದಲಾಯಿತು. 1918ರ ಮಾರ್ಚ್ 21ಕ್ಕೆ ಜರ್ಮನ್ನರು ಫ್ರಾನ್ಸಿನಲ್ಲಿ ದೊಡ್ಡ ದಾಳಿ ಶುರು ಮಾಡಿದರು. ಗಾಬರಿಯಾಗಿ ಪ್ಯಾಲೆಸ್ಟೈನಿನ ಬ್ರಿಟಿಷ್ ಸೇನಾಪತಿ ಅಲೆನ್‌ಬಿಯ ಹತ್ತಿರ ಇದ್ದ ಬ್ರಿಟಿಷ್ ದಳಗಳನ್ನು ಕಿತ್ತು ಅಲ್ಲಿಗೆ ಸಾಗಿಸಿದರು. 52, 74 ಎರಡು ಡಿವಿಜನ್ ಪೂರ್ತಿ, ಉಳಿದವುಗಳಿಂದ ಬೆಟಾಲಿಯನ್ನುಗಟ್ಟಲೆ. ಆ ಜಾಗ ತುಂಬಿದ್ದು ಭಾರತದ ಕಾಲಾಳು, ಮತ್ತು ಫ್ರಾನ್ಸಿನಲ್ಲಿ ಕೆಲಸವಿಲ್ಲದೆ ಇದ್ದ ಭಾರತದ ಅಶ್ವದಳ. ಮೈಸೂರಿನವರು ಮಾತ್ರ ಮೊದಲಿನಿಂದ ಈ ಕಡೆಯೇ ಇದ್ದರು, ಸೂಯೆಜ್ ಕಾಲುವೆ ಕಾದವರು.

ಈಗ 19ರ ಬೆಳಗು. ಸಮುದ್ರದ ಪಕ್ಕದ ಶರೋನ್ ಬಯಲಿನಲ್ಲಿ 15 ಮೈಲಿ ಅಗಲದ ಒಂದು ತುಂಡಿನಲ್ಲಿ ಅಲೆನ್‌ಬಿ 35,000 ಕಾಲಾಳು, 9,000 ಸವಾರರು, 383 ಫಿರಂಗಿ ಕೂಡಿಸಿದ್ದ. ಎದುರಿಗೆ 8,000 ಕಾಲಾಳು, 130 ಫಿರಂಗಿ. ಉಳಿದ ಕಡೆ ರಂಗ ಬಹಳ ತೆಳುವಾಗಿತ್ತು. ಅದು ವೈರಿಗೆ ಗೊತ್ತಾಗಬಾರದೆಂದು ಜೋರ್ಡನ್ ಕಣಿವೆಯ ಕಡೆ ಕ್ಯಾನ್ವಾಸಿನ 15,000 ಸುಳ್ಳು ಕುದುರೆ ಕಟ್ಟಿದರು, ಹೇಸರಗತ್ತೆಗಳಿಂದ ಜಾರುಬಂಡಿ ಎಳೆಸಿ ಧೂಳೆಬ್ಬಿಸಿದರು. ತುರ್ಕ-ಜರ್ಮನ್ ವಿಮಾನಗಳಿಗೆ ಆಕಾಶದಲ್ಲಿ ತಲೆ ಎತ್ತಲು ಬಿಡದ್ದರಿಂದ ಈ ನಾಟಕ ನಡೆಯಿತು. ಒಂದೇ ಒಂದು ವಿಮಾನ ಸೇನೆ ಅಡಗಿದ್ದ ಕಿತ್ತಳೆ ತೋಟದ ಮೇಲೆ ಇಳಿದು ಹಾರಿದ್ದರೆ ಎಲ್ಲ ಬಯಲಾಗುತ್ತಿತ್ತು.

ಬೆಳಗಿನ 4.30ಕ್ಕೆ ತೋಪು ಶುರು, ಹೆಚ್ಚೆಂದರೆ ಇಪ್ಪತ್ತು ನಿಮಿಷ. ನೆಲ ಹಾಳಾಗಲಿಲ್ಲ, ಎಚ್ಚರಿಕೆಯೂ ಸಿಗಲಿಲ್ಲ. ಕಾಲಾಳು ಸಾಲು ಒಡೆದು ಬಾಗಿಲಿನಂತೆ ಬಲಕ್ಕೆ ತಿರುಗಿತು, ಅಶ್ವದಳ ಸಮುದ್ರದ ಮರಳಿನ ಗುಂಟ ಹೊರಬಿತ್ತು. ಅದೇ ಹೊತ್ತಿಗೆ ವಿಮಾನಗಳು ಅಫೂಲಾದ ಟೆಲಿಫೋನ್ ಕೇಂದ್ರಕ್ಕೆ ಬಾಂಬು ಹಾಕಿದ್ದವು. ನಜರೆತ್‌ನಲ್ಲಿ ಕೂತಿದ್ದ ತುರ್ಕರ ಸೇನಾಪತಿ ಲಿಮಾನ್ ಫಾನ್ ಸಾಂಡರ್ಸ್‌ಗೆ ಸಾಲು ಒಡೆದ ಸುದ್ದಿ ಸರಿಯಾಗಿ ಮುಟ್ಟಲೇ ಇಲ್ಲ. 20ರ ನಸುಕಿಗೆ ಸವಾರರು ಅವನ ಬಾಗಿಲಿಗೇ ಬಂದರು, ಸ್ವಲ್ಪದರಲ್ಲಿ ತಪ್ಪಿಸಿಕೊಂಡ. 4ನೇ ಅಶ್ವದಳ ಡಿವಿಜನ್ 34 ಗಂಟೆಯಲ್ಲಿ 70 ಮೈಲಿ ಓಡಿ ಜೋರ್ಡನ್ ಹತ್ತಿರದ ಬೈಸಾನ್ ಮುಟ್ಟಿತು, ಕಳೆದುಕೊಂಡದ್ದು 26 ಕುದುರೆ. ತುರ್ಕರ ಹಿಂದಿನ ಬಾಗಿಲು ಮುಚ್ಚಿಹೋಯಿತು.

ಹೈಫಾ ಕಾಯುತ್ತಿದ್ದವರ ಸ್ಥಿತಿ ಹೀಗಿತ್ತು ನೋಡ್ರಿ: ಸೇನಾಪತಿ ಓಡಿದ್ದಾನೆ, ಟೆಲಿಫೋನ್ ತಂತಿ ಇಲ್ಲ, ಅಫೂಲಾ ಹೋದ ಮೇಲೆ ರೈಲೂ ಇಲ್ಲ. ಹೊಸ ದಳ ಬರುವ ದಾರಿಯಿಲ್ಲ. ಅದರ ಮೊದಲೇ ಅವರ ಸರಬರಾಜು ಸೊರಗಿತ್ತು. ಅಲೆಪ್ಪೊದಿಂದ ಬರುವ ಅಗಲ ಹಳಿ ರಯಾಕ್‌ನಲ್ಲಿ ಮುಗಿದು 1.05 ಮೀಟರಿನ ಸಣ್ಣ ಹಳಿ ಶುರುವಾಗುತ್ತದೆ, ಪ್ರತಿ ಮೂಟೆ ಇಳಿಸಿ ಏರಿಸಬೇಕು. ಕಲ್ಲಿದ್ದಲಿಲ್ಲದೆ ಇಂಜಿನ್ನಿಗೆ ಮರ ಕಡಿದು ಹಾಕುತ್ತಿದ್ದರು.

ಮತ್ತೆ ಕೇಳಿದ್ದು: ಬದಿಯಡ್ಕ ಮಾಷ್ಟ್ರು

ಭಾರೀ ಉಪಕಾರ. ಎರಡು ಸಣ್ಣ ಸಂಶಯ. ಕುದುರೆ ಓಡುವಾಗ ಮೆಷಿನ್ ಗನ್ನಿನ ಎದುರು ಎಷ್ಟು ಹೊತ್ತು ಇರುತ್ತದೆ ಅಂತ ಲೆಕ್ಕ ಮಾಡಿಸಬಹುದಾ? ಗಣಿತದ ಟೀಚರಿಗೂ ಖುಷಿಯಾದೀತು. ಮತ್ತೆ, ವೈರಿ ಅಷ್ಟು ಸೋತಿದ್ದ ಅಂದಮೇಲೆ ಹೈಫಾ ಸುಲಭದ ತುತ್ತಾಗಿತ್ತು ಅಂತ ಯಾರಾದರೂ ಎದ್ದು ಕೇಳಿದರೆ?

ಉತ್ತರ: ಮಡಕಶಿರಾ ಸೀಮೆ

ಲೆಕ್ಕ ಮಾಡಿಸಿ ಮೇಷ್ಟ್ರೇ, ಚೆನ್ನಾಗಿರುತ್ತೆ. ಈಟಿ, ಬಂದೂಕು, ಮೇವು, ನೀರು, ಸವಾರ ಎಲ್ಲ ಸೇರಿ ಸುಮಾರು 130 ಕೆಜಿ ಹೊತ್ತ ಕುದುರೆ ಓಟದಲ್ಲಿ ಗಂಟೆಗೆ 24 ಕಿಮೀ ಅಂತ ಇಟ್ಟುಕೊಳ್ಳಿ, ನಿಮಿಷಕ್ಕೆ 400 ಮೀಟರ್. ಒಂದು ಕಿಲೋಮೀಟರಿಗೆ ಎರಡೂವರೆ ನಿಮಿಷ. ಮೆಷಿನ್ ಗನ್ ನಿಮಿಷಕ್ಕೆ 450 ಗುಂಡು ಅಂದರೆ ಆ ಹೊತ್ತಿಗೆ 1,125. ಕಾಗದದ ಮೇಲೆ ಒಂದೇ ಗನ್ನು ಒಂದು ರೆಜಿಮೆಂಟನ್ನು ಮುಗಿಸಬೇಕು.

ಹಾಗೆ ಆಗದಿರಲು ಕಾರಣ ಗನ್ನಿನ ಸುತ್ತ ಇರುವ ಮನುಷ್ಯರು. ಗುಂಡಿನ ಬೆಲ್ಟು 250ರದ್ದು, ಮುಗಿದಾಗೆಲ್ಲ ಬದಲಿಸಬೇಕು. ಎದುರಿನವನು ಅಡ್ಡಡ್ಡ ಓಡಿದರೆ ಗುರಿ ಮುಂದೆ ಹಿಡಿಯಬೇಕು. ನೇರ ಬಂದರೆ ದೂರಕ್ಕೆ ತಕ್ಕಂತೆ ಗುರಿ ಹೊಂದಿಸುವ ಸೈಟನ್ನು ಕ್ಷಣಕ್ಷಣಕ್ಕೆ ಇಳಿಸಬೇಕು, ಇಲ್ಲದಿದ್ದರೆ ಗುಂಡು ತಲೆ ಮೇಲೆ ಹೋಗುತ್ತೆ. 1917ರ ಅಕ್ಟೋಬರ್ 31ರಂದು ಬೀರ್‌ಶೆಬಾದಲ್ಲಿ ಆಸ್ಟ್ರೇಲಿಯದ ಸುಮಾರು 800 ಸವಾರರು ಬಯೊನೆಟ್ ಕೈಲಿ ಹಿಡಿದು ಕಂದಕಗಳ ಮೇಲೆ ನುಗ್ಗಿದಾಗ ಆದದ್ದು ಇದೇ. ಸತ್ತವರು 31, ಗಾಯ 36. ತುರ್ಕರ ಬಂದೂಕುಗಳ ಸೈಟು ದೂರಕ್ಕೇ ಇತ್ತು, ಕಂದಕದ ಮುಂದೆ ತಂತಿಯೂ ಇರಲಿಲ್ಲ. ಇದರ ಜೊತೆಗೆ ಬೇರೆ ದಿಕ್ಕಿನಿಂದ ಗುಂಡು ಬೀಳುತ್ತಿದ್ದರೆ ಗನ್ನಿನವನು ತಲೆ ತಗ್ಗಿಸುತ್ತಾನೆ, ಎರಡೂವರೆ ನಿಮಿಷದಲ್ಲಿ ಒಂದು ನಿಮಿಷ ಅಲ್ಲೇ ಹೋಯಿತು. 1918ರ ಸೆಪ್ಟೆಂಬರ್ 20ರ ಬೆಳಗ್ಗೆ ಅಫೂಲಾದ ದಾರಿಯಲ್ಲಿ 2ನೇ ಲ್ಯಾನ್ಸರ್ಸ್ ಮಾಡಿದ್ದು ಇದನ್ನೇ: ಎದುರಿನಿಂದ ಕವಚದ ಕಾರುಗಳ ಮೆಷಿನ್ ಗನ್ನು ತುರ್ಕರನ್ನು ನೆಲಕ್ಕೆ ಒತ್ತಿ ಹಿಡಿದವು, ಪಕ್ಕದಿಂದ ಸವಾರರು ಬಂದರು. ಕೆಲವೇ ನಿಮಿಷದಲ್ಲಿ 46 ಜನ ಈಟಿಗೆ ಬಿದ್ದರು, 470 ಜನ ಕೈ ಎತ್ತಿದರು.

ಸುಲಭದ ತುತ್ತೇ ಅಂತ ಕೇಳಿದವರಿಗೆ ಹರಿತಾನ್ ಹೇಳಿ. ಹೈಫಾ ದಿನದ ಭಾಷಣಗಳಲ್ಲಿ ಇದರ ಸುದ್ದಿ ಬರುವುದೇ ಇಲ್ಲ, ಬರಬೇಕು. ಹೈಫಾ ಆಗಿ ಒಂದು ತಿಂಗಳು ಮೂರು ದಿನಕ್ಕೆ, ಅಕ್ಟೋಬರ್ 26ರಂದು, ಅಲೆಪ್ಪೊ ಊರಿನ ವಾಯವ್ಯಕ್ಕೆ ಹರಿತಾನ್ ಎಂಬಲ್ಲಿ ಇದೇ ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ತುರ್ಕರ ಹಿಂಬದಿ ಕಾವಲಿನ ಮೇಲೆ ಏರಿಹೋದರು. ಅದೇ ಜನ, ಅದೇ ಈಟಿ. ಈ ಸಲ ಹಿಮ್ಮೆಟ್ಟಬೇಕಾಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 80, ಹೈಫಾದ ಎರಡರಷ್ಟು. ಜೋಧಪುರದ ಲೆಫ್ಟಿನೆಂಟ್ ಕರ್ನಲ್ ಹೋಲ್ಡನ್ ಅಲ್ಲೇ ಸತ್ತರು.

ವ್ಯತ್ಯಾಸ ನೋಡಿ. ಎದುರಿಗಿದ್ದವರು ಅಂದಾಜಿಗಿಂತ ಬಹಳ ಹೆಚ್ಚು, ಎರಡು ಸಾವಿರ ದಾಟಿದ್ದರು. ನುಗ್ಗಿದ ಮೇಲೆ ಗೊತ್ತಾಯಿತು. ಹೈಫಾದಲ್ಲಿ ಆಸರೆಗಿದ್ದಂಥ ಫಿರಂಗಿ ಬ್ಯಾಟರಿ ಇಲ್ಲಿ ಜೊತೆಗಿರಲಿಲ್ಲ. ಬೆಟ್ಟ ಹತ್ತಿ ಬದಿಯ ತೋಪು ಮುಚ್ಚಿಸಲು ನಾಲ್ಕು ಗಂಟೆ ಯಾರೂ ಕೊಡಲಿಲ್ಲ. ತುರ್ಕರ ಕಡೆಯಲ್ಲೂ ಚದುರಿದ ಪಡೆಯ ಬದಲು ಮುಸ್ತಫಾ ಕೆಮಾಲ್ ಮತ್ತೆ ಕಟ್ಟಿ ನಿಲ್ಲಿಸಿದ ಸಾಲಿತ್ತು. ಹೈಫಾದಲ್ಲಿ ಬ್ಯಾಟರಿ ತೆಗೆದುಬಿಡಿ, ಕಾರ್ಮೆಲ್ ಹತ್ತಿದ ಮೈಸೂರಿನವರನ್ನು ತೆಗೆದುಬಿಡಿ, ಅಲ್ಲೂ ಇದೇ ಆಗುತ್ತಿತ್ತು ಅನ್ನುವುದು ನನ್ನ ಎಣಿಕೆ.

ಇನ್ನೊಂದು ಮಾತು, ಯಾರೂ ಹೇಳಲ್ಲ. ಆ ಅಕ್ಟೋಬರಿನಲ್ಲಿ ಅಶ್ವದಳವನ್ನು ಮಲಗಿಸಿದ್ದು ಮಲೇರಿಯ ಮತ್ತು ಇನ್‌ಫ್ಲುಯೆಂಜಾ. ಬ್ರಿಟಿಷರ ಕಡೆಯವರು ತಮ್ಮ ಸಾಲಿನ ಹಿಂದೆ ಜೌಗು ಬಸಿದು, ನೀರಿಗೆ ಎಣ್ಣೆ ಸುರಿದು ಸೊಳ್ಳೆ ತಡೆದಿದ್ದರು. ಸಾಲು ದಾಟಿದ ದಿನವೇ ಆ ರಕ್ಷಣೆ ಮುಗಿಯಿತು. ಸೊಳ್ಳೆ ಕಚ್ಚಿ ಜ್ವರ ಏರಲು ಹತ್ತು-ಹದಿನಾಲ್ಕು ದಿನ. ಸೆಪ್ಟೆಂಬರ್ 20ಕ್ಕೆ ಕಚ್ಚಿದ್ದು ದಮಾಸ್ಕಸ್ ಹಿಡಿದ ಅಕ್ಟೋಬರ್ 1ರ ಹೊತ್ತಿಗೆ ಹೊರಬಂತು.

ಉತ್ತರ: ಮಂಜೇಶ್ವರ ಕಡಲಬದಿ

ಬೋರ್ಡಿನಲ್ಲಿ ಬಿಡಿಸುವುದು ಹೇಗೆ ಅಂತ ನಾನು ಹೇಳುತ್ತೇನೆ, ಚಾಕಿನ ಮೂರು ಬಣ್ಣ ಸಾಕು.

ಎಡದಲ್ಲಿ ಸಮುದ್ರದ ಗೆರೆ ಮೇಲಿನಿಂದ ಕೆಳಕ್ಕೆ. ಬಲದಲ್ಲಿ ಜೋರ್ಡನ್ ಹೊಳೆ ಅದಕ್ಕೆ ಸಮಾನಾಂತರ. ಎರಡನ್ನೂ ಸೇರಿಸಿ ಕೆಳಗೆ ಒಂದು ಅಡ್ಡಗೆರೆ, ಅದು 19ರ ಬೆಳಗಿನ ರಂಗ. ಮೇಲೆ ಸಮುದ್ರದ ಬದಿ ಹೈಫಾ, ನಡುವೆ ನಜರೆತ್ ಮತ್ತು ಅಫೂಲಾ, ಜೋರ್ಡನ್ ಹತ್ತಿರ ಬೈಸಾನ್. ಈಗ ಬಣ್ಣದ ಬಾಣ ಸಮುದ್ರದ ಗುಂಟ ಮೇಲೆ ಹೋಗಿ ಬಲಕ್ಕೆ ಬಾಗಿ ಬೈಸಾನ್ ಮುಟ್ಟಲಿ. ಅಡ್ಡಗೆರೆಯ ಮೇಲಿದ್ದ ತುರ್ಕರೆಲ್ಲ ಚೀಲದೊಳಗೆ ಸಿಕ್ಕಿದ್ದು ಮಕ್ಕಳಿಗೆ ತಾನಾಗಿಯೇ ಕಾಣುತ್ತದೆ. ಹೈಫಾ ಆ ಚೀಲದ ಹೊರಗೆ, ಮೇಲೆ ಉಂಟು. ಅದು ಬೇಕಾದದ್ದು ಬಂದರಿಗಾಗಿ. ಕುದುರೆಯೊಂದಕ್ಕೆ ದಿನಕ್ಕೆ 30 ಲೀಟರ್ ನೀರು ಅಂದರೂ 9,000ಕ್ಕೆ 2,70,000 ಲೀಟರ್; ನೀರು ದಾರಿಯ ಬಾವಿಯಲ್ಲಿ ಸಿಕ್ಕೀತು, ಕಾಳು ಸಿಗುವುದಿಲ್ಲ. ದಕ್ಷಿಣದ ರೈಲು ತುದಿಯಿಂದ ಲಾರಿಯಲ್ಲಿ ದಮಾಸ್ಕಸಿನವರೆಗೆ ಹೊರುವುದಕ್ಕಿಂತ ಹಡಗಿನಲ್ಲಿ ಹೈಫಾಕ್ಕೆ ತಂದು ಇಳಿಸುವುದು ಎಷ್ಟೋ ಹಗುರ.

ಹೈಫಾದ ಬಾಗಿಲಿಗೆ ಮಧೂರು ಕಡೆಯ ಮಕ್ಕಳಿಗೆ ನಕ್ಷೆಯೂ ಬೇಡ. ಮಳೆಗಾಲದಲ್ಲಿ ಒಂದು ಬದಿ ಗುಡ್ಡ, ಇನ್ನೊಂದು ಬದಿ ಮಧುವಾಹಿನಿಯ ಹೊಳೆಕರೆಯ ಕೆಸರು ಗದ್ದೆ, ನಡುವೆ ಮಾರ್ಗ. ಮಾರ್ಗ ಬಿಟ್ಟು ಗದ್ದೆಗೆ ಇಳಿದರೆ ಏನಾಗುತ್ತದೆ ಅಂತ ಕೇಳಿ, ಜೋಧಪುರದವರು ಎಡಕ್ಕೆ ಯಾಕೆ ತಿರುಗಿದರೆಂದು ಅವರೇ ಹೇಳುತ್ತಾರೆ.

ಇಡೀ ಯುದ್ಧದ ಓಟ ಬೋರ್ಡಿನ ಬಲಮೂಲೆಯಲ್ಲಿ ತಾರೀಕುಗಳಾಗಿ ಬರಲಿ. 1918 ಸೆಪ್ಟೆಂಬರ್ 15ರಂದು ಮ್ಯಾಸಿಡೋನಿಯದ ದೊಬ್ರೊ ಪೊಲ್ಯೆಯಲ್ಲಿ ಬಲ್ಗೇರಿಯದ ಸಾಲು ಒಡೆಯಿತು. 19ಕ್ಕೆ ಪ್ಯಾಲೆಸ್ಟೈನ್. 26ಕ್ಕೆ ಅಮೆರಿಕನ್ನರು, ಫ್ರೆಂಚರು ಮ್ಯೂಸ್-ಅರ್ಗೋನ್ ಶುರು ಮಾಡಿದರು. 29ಕ್ಕೆ ಜರ್ಮನ್ನರ ಹಿಂಡೆನ್‌ಬರ್ಗ್ ಸಾಲನ್ನು ಸೇಂಟ್ ಕ್ವೆಂಟಿನ್ ಕಾಲುವೆಯ ಹತ್ತಿರ ಒಡೆದರು, ಅದೇ ದಿನ ಬಲ್ಗೇರಿಯ ಕದನವಿರಾಮಕ್ಕೆ ಸಹಿ ಹಾಕಿತು. ಎರಡೇ ವಾರದಲ್ಲಿ ಮೂರು ರಂಗ ಒಟ್ಟಿಗೆ ಕುಸಿದಾಗ ಜರ್ಮನಿಗೆ ಒಂದರಿಂದ ತೆಗೆದು ಇನ್ನೊಂದಕ್ಕೆ ಕೊಡಲು ಸೈನ್ಯ ಉಳಿಯಲಿಲ್ಲ. ಅಕ್ಟೋಬರ್ 30ಕ್ಕೆ ತುರ್ಕಿ, ನವೆಂಬರ್ 3ಕ್ಕೆ ಆಸ್ಟ್ರಿಯ-ಹಂಗೇರಿ, 11ಕ್ಕೆ ಜರ್ಮನಿ. ಹೈಫಾದಿಂದ ಯುದ್ಧ ಮುಗಿಯಿತು ಅಂತ ಹೇಳುವ ಹಾಗಿಲ್ಲ. ಬರೀ ಫ್ರಾನ್ಸಿನಲ್ಲಿ ಮುಗಿಯಿತು ಅಂದರೂ ಅರ್ಧ ಪಾಠವೇ.

ರಸಪ್ರಶ್ನೆಗೆ ಸಂಬಂಧಿಸಿ ಒಂದು: ‘ಜಗತ್ತಿನ ಕೊನೆಯ ಅಶ್ವದಾಳಿ ಯಾವುದು?’ ಅಂತ ಕೇಳಿ ಹೈಫಾ ಉತ್ತರ ಇಡಬೇಡಿ. ಹರಿತಾನ್ ಅದರ ನಂತರದ್ದು, 1942ರ ಆಗಸ್ಟಿನಲ್ಲಿ ಇಟಲಿಯ ಸವೋಯಾ ದಳ ರಷ್ಯದ ಇಸ್ಬುಶೆನ್‌ಸ್ಕಿಯಲ್ಲಿ ಮಾಡಿದ್ದು ಇನ್ನೂ ನಂತರದ್ದು. ಬದಲಿಗೆ ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಪ್ರತಿಮೆಗಳು ಯಾವ ಮೂರು ಸಂಸ್ಥಾನಗಳವು ಅಂತ ಕೇಳಿ. ಆ ಚೌಕದ ಹೆಸರಿಗೆ 2018ರಲ್ಲಿ ಹೈಫಾ ಸೇರಿದ್ದನ್ನು ಹೆಚ್ಚುವರಿ ಅಂಕಕ್ಕೆ ಇಟ್ಟುಕೊಳ್ಳಬಹುದು.